ಕೊನೆಯ ಸಾಲಿನಿಂದ ಮೇಲಕ್ಕೆ

ಭಾನುವಾರ, ಬೆಳಿಗ್ಗೆ ಏಳೂವರೆ
ನಮ್ಮ ಅಡುಗೆಮನೆಯ ಮೇಜು

ನನ್ನ ಲಿಫ್ಟಪ್ಪನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಇದೆ. ಆಮೇಲೆ ವಿಚ್ಛೇದನದ ಅರ್ಜಿಯಲ್ಲಿ ವಕೀಲೆ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಇಬ್ಬರೂ ಸಹಿ ಹಾಕಿದರೆ ನೀನು ಒಂದನೆಯ ಅರ್ಜಿದಾರ, ನಾನು ಎರಡನೆಯ ಅರ್ಜಿದಾರಳು. ಅದಕ್ಕೂ ಮುಂಚೆ ಈ ಪತ್ರವನ್ನು ನೀನು ಓದಬೇಕು. ಫೋನಿನಲ್ಲೇ ಹೇಳೋಣವೆಂದರೆ ‘ಕೆಲಸದಲ್ಲಿದ್ದೀನಿ’ ಎಂದು ಇಟ್ಟುಬಿಡುತ್ತೀಯ. ಮೂರು ತಿಂಗಳಿಂದ ಅದೊಂದೇ ಮಾತು. ನೀನು ಅಷ್ಟೆಲ್ಲ ಕೆಲಸ ಮಾಡಿದ್ದರೆ ಈ ಊರಿನ ಲಿಫ್ಟುಗಳು ಇಷ್ಟು ಹೊತ್ತಿಗೆ ಆಕಾಶ ಮುಟ್ಟಿರಬೇಕಿತ್ತು. ಅಂಚೆಗೆ ಹಾಕಿದರೆ ನಾಳೆಯೊಳಗೆ ನಿನಗೆ ಮುಟ್ಟುವುದಿಲ್ಲ. ನಿನ್ನ ಕೆಲಸದ ಜೊತೆಗಾರ ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ.

ಕೊನೆಯ ಹಾಳೆಯನ್ನು ಮೊದಲು ತೆಗೆಯಬೇಡ ಎಂದರೆ ನೀನು ಕೇಳುವವನಲ್ಲ. ಪತ್ತೇದಾರಿ ಕಾದಂಬರಿ ಕೊಂಡರೆ ಬಸ್ಸು ಹತ್ತುವ ಮೊದಲೇ ಕೊನೆಯ ಪುಟ ಓದಿ ಮುಗಿಸಿರುತ್ತೀಯ. ‘ಯಾರು ಸಾಯ್ತಾರೆ ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಓದ್ಬಹುದು’ ಎನ್ನುತ್ತೀಯ. ಮದುವೆಗೆ ಮುಂಚೆ ನಾನು ರಾತ್ರಿ ಹಗಲು ಕೂತು ಬರೆದ ಒಂಬತ್ತು ಪುಟದ ಪತ್ರದಲ್ಲೂ ಮೊದಲು ಸಹಿಯ ಕೆಳಗಿನ ಸಾಲು ಓದಿ, ಉಳಿದದ್ದನ್ನು ಎರಡು ದಿನ ಬಿಟ್ಟು ಓದಿದ ಮಹಾನುಭಾವ ನೀನು. ಆಗ ನಾನು ಒಂದು ವಾರ ಮುನಿಸಿಕೊಂಡಿದ್ದೆ. ಈಗ ಮುನಿಸಿಕೊಳ್ಳುವ ಮುಖ ನನಗೂ ಇಲ್ಲ, ಏಕೆಂದರೆ ನನ್ನ ಹೊಟ್ಟೆಪಾಡೇ ಕೊನೆಯಿಂದ ಓದುವುದು. ನನಗೆ ಕೇಡು ಬಂದದ್ದೂ ಅದರಿಂದಲೇ.

ನನ್ನ ಕೆಲಸ ನಿನಗೆ ಗೊತ್ತು ಅಂದುಕೊಂಡಿದ್ದೀಯ. ಔಷಧಿಯ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಯಾರೂ ಬಿಚ್ಚದ ತೆಳ್ಳನೆಯ ಕಾಗದ, ಅದರ ಅಚ್ಚಿನ ತಪ್ಪು ಹುಡುಕುವುದು. ಅಷ್ಟು ನಿನಗೆ ಗೊತ್ತು. ಅದಕ್ಕೇ ನನಗೆ ಭೂತಗನ್ನಡಿ ಎಂದು ಹೆಸರಿಟ್ಟೆ, ಕೋಪ ಬಂದಾಗ ಬರೀ ಭೂತ. ಆದರೆ ಹೇಗೆ ಹುಡುಕುತ್ತೇನೆ ಎಂದು ಹದಿನಾಲ್ಕು ವರ್ಷದಲ್ಲಿ ನೀನು ಕೇಳಿಲ್ಲ, ನಾನೂ ಹೇಳಿಲ್ಲ. ಒಂದು ಕಪ್ಪು ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಸೀಳು ಮಾಡಿಕೊಂಡಿರುತ್ತೇವೆ. ಅದನ್ನು ಕಾಗದದ ಕೊನೆಯ ಸಾಲಿನ ಮೇಲಿಟ್ಟು, ಬಲದಿಂದ ಎಡಕ್ಕೆ ಒಂದೊಂದೇ ಪದ ನೋಡುತ್ತ, ಕೆಳಗಿನಿಂದ ಮೇಲಕ್ಕೆ ಹೋಗುವುದು. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ, ‘ಅರ್ಥದ ಹಿಂದೆ ಹೋದ್ರೆ ಕಣ್ಣು ಓಡುತ್ತೆ ಕಣಮ್ಮ, ತಪ್ಪು ಅಲ್ಲೇ ಉಳಿಯುತ್ತೆ’ ಎಂದಿದ್ದರು. ಹತ್ತೊಂಬತ್ತು ವರ್ಷ ಅವರ ಮಾತು ಮೀರಿಲ್ಲ. ಹೃದಯದ್ದು, ಕೆಮ್ಮಿನದು, ಕಣ್ಣಿಗೆ ಹಾಕುವ ಹನಿಯದು, ಎಲ್ಲ ನನ್ನ ಸೀಳಿನ ಕೆಳಗೆ ಹಾದುಹೋಗಿವೆ. ಒಂದರ ಅರ್ಥವೂ ತಲೆಗೆ ಹತ್ತಿಲ್ಲ.

ಒಂದೂವರೆ ವರ್ಷದಿಂದ ನಾನು ನುಂಗುತ್ತಿರುವ ಖಿನ್ನತೆಯ ಮಾತ್ರೆಯ ಕಾಗದವನ್ನು ತಿದ್ದುವವಳೂ ನಾನೇ. ನೀನು ನನಗಿಂತ ಮೊದಲೇ ಶುರುಮಾಡಿದ್ದೆಯಲ್ಲ, ಅದೇ ಮಾತ್ರೆ. ಆರು ವರ್ಷದಲ್ಲಿ ಆ ಕಾಗದವನ್ನು ಹನ್ನೊಂದು ಸಲ ನೋಡಿದ್ದೇನೆ. ಮೂರನೆಯ ಅಂಕಣದಲ್ಲಿ ಒಂದು ಅಕ್ಷರದ ಬಾಲ ಮುರಿದು ಅಚ್ಚಾಗುತ್ತಿತ್ತು. ಅದನ್ನು ಹಿಡಿದದ್ದಕ್ಕೆ ಮೇಲ್ವಿಚಾರಕರು ಎಲ್ಲರ ಎದುರು ನನ್ನನ್ನು ಹೊಗಳಿದ್ದರು, ನಾನು ಮನೆಗೆ ಬಂದು ನಿನ್ನೆದುರು ಜಂಬ ಕೊಚ್ಚಿದ್ದೆ. ಆ ಸಾಲು ಏನು ಹೇಳುತ್ತದೆ ಎಂದು ನೀನು ಅವತ್ತು ಕೇಳಿದ್ದರೆ ಬೆಪ್ಪಾಗಿ ನಿಲ್ಲುತ್ತಿದ್ದೆ. ಮನೆಗೆ ತಂದ ಡಬ್ಬಿಯ ಕಾಗದವನ್ನು ಬಿಚ್ಚದೆಯೇ ಕಸಕ್ಕೆ ಎಸೆಯುತ್ತಿದ್ದೆ. ಇಡೀ ದಿನ ಅದರಲ್ಲೇ ಮುಳುಗಿದವಳಿಗೆ ಮನೆಯಲ್ಲೂ ಅದೇ ಯಾಕೆ ಎಂದು.

ಹನ್ನೆರಡು ದಿನದ ಹಿಂದೆ, ಮಂಗಳವಾರ, ಆ ಕಾಗದದ ಹೊಸ ಅಚ್ಚು ಬಂತು. ಹೊಸ ಅಚ್ಚಾದರೆ ಇಬ್ಬರು ಕೂತು ಗಟ್ಟಿಯಾಗಿ ಓದಿ ತಾಳೆ ನೋಡಬೇಕು, ಒಬ್ಬರು ಓದುವುದು, ಇನ್ನೊಬ್ಬರು ಹಳೆಯದರಲ್ಲಿ ಬೆರಳಿಡುವುದು. ಆ ಸರದಿ ಯಾವಾಗಲೂ ಬೇರೆಯವರದಾಗಿರುತ್ತಿತ್ತು, ಅವತ್ತು ನನಗೆ ಬಂತು. ಪಕ್ಕದ ಮೇಜಿನವಳು ಓದಿದಳು. ನಿವೃತ್ತಿಗೆ ಎರಡು ವರ್ಷ ಇರುವವಳು, ರೈಲು ಬರುವ ಹೊತ್ತು ಹೇಳುವ ದನಿ. ‘ಲೈಂಗಿಕ ತೊಂದರೆಗಳು’ ಎಂದು ಶುರುಮಾಡಿದಳು. ಗಂಡಸರಲ್ಲಿ ಆಸಕ್ತಿ ಕಡಿಮೆಯಾಗಬಹುದು, ನಿಮಿರುವಿಕೆ ಉಳಿಯದಿರಬಹುದು, ಸ್ಖಲನ ತಡವಾಗಬಹುದು ಅಥವಾ ಆಗದಿರಬಹುದು, ಹೀಗಾದರೆ ಯಾರಿಗೆ ಹೇಳಬೇಕು, ಏನು ಬದಲಾಯಿಸಬಹುದು, ಏನು ಮಾಡಬಾರದು. ಏಳು ಸಾಲು. ಆಮೇಲೆ ಉಸಿರು ತೆಗೆದುಕೊಂಡು, ಹೆಂಗಸರಲ್ಲಿ ಆಸಕ್ತಿ ಹಾಗೂ ಸ್ಪರ್ಶದ ಅನುಭವ ಕುಂದಬಹುದು, ಸುಖದ ತುದಿ ಮುಟ್ಟಲಾಗದಿರಬಹುದು ಎಂದಳು. ಒಂದೂಕಾಲು ಸಾಲು. ಅಷ್ಟಕ್ಕೇ ಮುಗಿಸಿ ಬಾಯಿ ಒಣಗುವ ವಿಷಯಕ್ಕೆ ಹೋದಳು.

ನನ್ನ ಬೆರಳು ಅಲ್ಲೇ ನಿಂತಿತು. ‘ಯಾಕೆ, ತಪ್ಪು ಸಿಕ್ತಾ?’ ಎಂದು ಕೇಳಿದಳು. ಸಿಕ್ಕಿತು ಎಂದೆ. ‘ಎಲ್ಲಿ?’ ಎಂದು ಕನ್ನಡಕ ಸರಿಮಾಡಿಕೊಂಡು ಕಾಗದದಲ್ಲಿ ಹುಡುಕತೊಡಗಿದಳು. ನಾನು ಎದ್ದು ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ. ವಾಪಸು ಬಂದಾಗ ಅವಳು ನನ್ನ ಮುಖ ನೋಡಿ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದಳು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ನಾಳೆ ಸಹಿ ಹಾಕಿಬಿಟ್ಟರೆ ಈ ನಾಚಿಕೆಯನ್ನು ಕಟ್ಟಿಕೊಂಡು ನಾನೇನು ಮಾಡಲಿ.

ಮಾತ್ರೆ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ನನ್ನೊಳಗಿನ ಕತ್ತಲೆ ಹೋಯಿತು. ಅದನ್ನು ನಾನು ಮರೆಯುವುದಿಲ್ಲ. ಅಂಗಡಿಯಲ್ಲಿ ಸೋಪಿನ ಸಾಲಿನ ಮುಂದೆ ನಿಂತು, ಯಾವುದು ತೆಗೆದುಕೊಳ್ಳಬೇಕು ಎಂದು ತಿಳಿಯದೆ ಅತ್ತವಳು ನಾನು. ನೀನು ಬಂದು ಕೈಹಿಡಿದು ಕರೆದುಕೊಂಡು ಹೋದೆ. ಆ ಮಾತ್ರೆ ಇಲ್ಲದಿದ್ದರೆ ಈ ಪತ್ರ ಬರೆಯುವ ಕೈಯೇ ಇರುತ್ತಿರಲಿಲ್ಲ. ಆದರೆ ಕತ್ತಲೆಯ ಜೊತೆ ಇನ್ನೊಂದೂ ಹೋಯಿತು. ನೀನು ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ. ದಪ್ಪ ಕೈಗವಸು ಹಾಕಿಕೊಂಡು ನೀರು ಮುಟ್ಟಿದ ಹಾಗೆ. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯದು. ಮೊದಲು ಸುಸ್ತು ಅಂದುಕೊಂಡೆ. ಆಮೇಲೆ ವಯಸ್ಸು ಅಂದುಕೊಂಡೆ, ನಲವತ್ತೊಂದಕ್ಕೇ. ಕೊನೆಗೆ ಒಂದೇ ಉತ್ತರ ಉಳಿಯಿತು. ನನಗೆ ನಿನ್ನ ಮೇಲೆ ಪ್ರೀತಿ ಮುಗಿದಿದೆ ಅಂದುಕೊಂಡೆ. ಬೇರೆ ಯಾವುದನ್ನೂ ಯೋಚಿಸಲಿಲ್ಲ, ಯಾರೂ ಬೇರೆ ಉತ್ತರ ಇದೆ ಎಂದು ಹೇಳಲಿಲ್ಲ.

ಐದು ತಿಂಗಳು ನಟಿಸಿದೆ. ನಿನಗೆ ಗೊತ್ತಿರಲಿಲ್ಲ ಎಂದು ನಾನು ನಂಬಿದ್ದೆ. ನಿನಗೆ ಗೊತ್ತಿತ್ತು, ಅಲ್ಲವೇ. ಲಿಫ್ಟಿನ ಬಾಗಿಲು ಅರ್ಧ ಕ್ಷಣ ತಡವಾಗಿ ಮುಚ್ಚಿದರೆ ಒಳಗೆ ಏನು ಕೆಟ್ಟಿದೆ ಎಂದು ಹೇಳುವವನು ನೀನು, ಪಕ್ಕದಲ್ಲಿ ಮಲಗಿದವಳ ಉಸಿರು ಸುಳ್ಳು ಎಂದು ತಿಳಿಯಲಿಲ್ಲವೇ? ತಿಳಿದೂ ಬಾಯಿ ಬಿಡಲಿಲ್ಲ, ಅದು ನಿನ್ನದೇ ತಪ್ಪು ಅಂದುಕೊಂಡೆ. ಹೌದು, ಈಗ ನನಗೆ ಅರ್ಥವಾಗುತ್ತಿದೆ, ನೀನು ಅದನ್ನು ನಿನ್ನ ತಪ್ಪು ಅಂದುಕೊಂಡೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೂರು ತಿಂಗಳ ಹಿಂದೆ ಇದೇ ಮೇಜಿನ ಎದುರು, ಸಂಜೆ ಆರು ಗಂಟೆಗೆ, ಇನ್ನೂ ಬೂಟೂ ಬಿಚ್ಚದೆ ನೀನು ‘ನಿಂಗೆ ನನ್ಮೇಲೆ ಏನಾದ್ರೂ ಉಳಿದಿದೆಯಾ?’ ಎಂದು ಕೇಳಿದೆ. ನಾನು ಸುಳ್ಳು ಹೇಳಿ ಹೇಳಿ ಸಾಕಾಗಿದ್ದೆ. ‘ಹುಡುಕಿದೆ, ಸಿಗ್ತಿಲ್ಲ’ ಎಂದೆ. ನೀನು ತಲೆಯಾಡಿಸಿದೆ. ಎರಡನೆಯ ದಿನ ಸ್ಪಾನರ್ ಪೆಟ್ಟಿಗೆ, ಮಳೆಯ ಅಂಗಿ, ನಾಲ್ಕು ಜೊತೆ ಬಟ್ಟೆ ತೆಗೆದುಕೊಂಡು ವರ್ಕ್‌ಶಾಪಿನ ಮೇಲಿನ ಕೋಣೆಗೆ ಹೋದೆ. ನಾನು ತಡೆಯಲಿಲ್ಲ. ಸತ್ಯ ಹೇಳಿದೆ ಎಂಬ ಸಮಾಧಾನವಿತ್ತು ನನಗೆ. ಈಗ ನೋಡಿದರೆ ಅದು ಸತ್ಯವಾಗಿತ್ತೇ ಎಂದು ನನಗೇ ಗೊತ್ತಿಲ್ಲ. ಮಾತ್ರೆ ಕಿತ್ತುಕೊಂಡದ್ದನ್ನು ಮನಸ್ಸೇ ಕಳೆದುಕೊಂಡಿತು ಎಂದು ಸಾಕ್ಷಿ ಹೇಳಿದ ಹಾಗಾಯಿತು.

ಆ ಕಾಗದ ಕೇಳಿಸಿಕೊಂಡ ದಿನವೇ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಮಾತ್ರೆ ನಿಲ್ಲಿಸಿಬಿಟ್ಟೆ. ನೋಡೋಣ, ನೀನು ನನ್ನೊಳಗೆ ಇದ್ದೀಯೋ ಇಲ್ಲವೋ ಎಂದು. ಪರೀಕ್ಷೆ ನಾಲ್ಕು ದಿನ ನಡೆಯಿತು. ಮೂರನೆಯ ದಿನ ತಲೆ ತಿರುಗಿಸಿದರೆ ಒಳಗೆ ವಿದ್ಯುತ್ತು ಹೊಡೆದ ಹಾಗೆ. ನಾಲ್ಕನೆಯ ದಿನ ಸ್ನಾನದ ಕೋಣೆಯ ನೆಲದ ಮೇಲೆ ಕೂತು, ಏಳಲು ಯಾವ ಕಾರಣವೂ ಹೊಳೆಯದೆ, ಹಳೆಯ ಕತ್ತಲೆ ಬಾಗಿಲ ಆಚೆ ಬಂದು ನಿಂತಿದೆ ಎಂದು ತಿಳಿಯಿತು. ಹೆದರಿ ಮತ್ತೆ ನುಂಗಿದೆ. ಇದನ್ನು ನಿನಗೆ ಹೇಳದೆ ಮುಚ್ಚಿಡಬೇಕು ಅಂದುಕೊಂಡಿದ್ದೆ, ನೀನು ಬೈಯುತ್ತೀಯ ಎಂದು. ಆದರೆ ಇದನ್ನು ನಿನಗೇ ಹೇಳಬೇಕಾದ ಕಾರಣ ಮುಂದೆ ಬರುತ್ತದೆ.

ಮೊನ್ನೆ ಗುರುವಾರ ಡಾಕ್ಟರ ಬಳಿ ಹೋದೆ. ನಮ್ಮ ಅದೇ ಡಾಕ್ಟರು, ಗಡಿಯಾರವನ್ನು ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟು ಮಾತಾಡುವವರು. ಮೂರು ವರ್ಷದ ಹಿಂದೆ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ನೀನು ಬೂಟು ಬಿಚ್ಚದೆ, ದೀಪ ಹಾಕದೆ, ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂತಿರುತ್ತಿದ್ದ ಕಾಲ. ಮಾತ್ರೆ ಶುರುಮಾಡಿ ಮೂರನೆಯ ವಾರಕ್ಕೇ ಅವರು ತಾವಾಗಿ ನಿನ್ನನ್ನು ಕೇಳಿದರು, ‘ಹಾಸಿಗೆ ವಿಷ್ಯ ಹೇಗಿದೆ, ತೊಂದ್ರೆ ಇದ್ರೆ ಹೇಳ್ಬಿಡಿ, ಇದಕ್ಕೆ ಗಂಡಸರು ಮಾತ್ರೇನೇ ಬಿಟ್ಬಿಡ್ತಾರೆ’ ಎಂದು. ನೀನು ಕಿವಿಯವರೆಗೂ ಕೆಂಪಾಗಿ ಛಾವಣಿ ನೋಡಿದೆ. ನಾನು ಪಕ್ಕದಲ್ಲಿ ಕೂತು ನಗು ತಡೆದುಕೊಂಡೆ. ಅವರು ಪ್ರಮಾಣ ಕಡಿಮೆ ಮಾಡಿದರು, ತಡವಾಗುವುದು ಪೂರ್ತಿ ಹೋಗದಿದ್ದರೂ ಸಹಿಸುವಷ್ಟಾಯಿತು. ನನ್ನ ಸರದಿ ಬಂದಾಗ ಏಳು ಸಲ ಹೋಗಿದ್ದೇನೆ ಅಲ್ಲಿಗೆ. ನಿದ್ದೆ ಕೇಳಿದರು, ಹಸಿವು ಕೇಳಿದರು, ತಲೆನೋವು, ಮಲಬದ್ಧತೆ, ತೂಕ, ಎಲ್ಲ ಕೇಳಿದರು. ಅದೊಂದನ್ನು ಕೇಳಲಿಲ್ಲ.

ಗುರುವಾರ ನಾನೇ ಹೇಳಿದೆ. ಹೇಳುವಾಗ ಮೇಜಿನ ಮೇಲಿನ ಅವರ ಗಡಿಯಾರವನ್ನೇ ನೋಡುತ್ತಿದ್ದೆ. ನಾಚಿಕೆಗಲ್ಲ, ಸಿಟ್ಟಿಗೆ. ಅವರು ಕನ್ನಡಕ ತೆಗೆದು ಒರೆಸಿದರು. ಗಂಡಸರಲ್ಲಿ ಹೆಚ್ಚು ಜನ ಇದನ್ನು ಬಂದು ಹೇಳುತ್ತಾರೆ, ಹೆಂಗಸರು ಹೇಳುವುದು ಕಡಿಮೆ, ಆದರೆ ಆದವರಿಗೆ ಜೋರಾಗಿಯೇ ಆಗಿರುತ್ತದೆ ಎಂದರು. ಹೆಂಗಸರಲ್ಲಿ ಕಾಯಿಲೆಗೆ ಹೀಗಾಯಿತೋ ಮಾತ್ರೆಗೋ ಎಂದು ಬಿಡಿಸಿ ನೋಡುವುದೂ ಸುಲಭವಲ್ಲ ಎಂದರು. ಆಮೇಲೆ ಮೆಲ್ಲಗೆ, ‘ಕೇಳ್ಬೇಕಿತ್ತು. ಇದ್ರೆ ನೀವೇ ಹೇಳ್ತೀರಿ ಅಂದ್ಕೊಂಡೆ’ ಎಂದರು. ‘ನನ್ನ ಗಂಡ ಹೇಳ್ಲಿ ಅಂತ ನೀವು ಕಾಯ್ಲಿಲ್ಲವಲ್ಲ ಡಾಕ್ಟ್ರೇ’ ಎಂದೆ. ಒಳ್ಳೆಯ ಮನುಷ್ಯ, ಸುಳ್ಳು ಉತ್ತರ ಕೊಡಲಿಲ್ಲ, ಅದಕ್ಕೆ ಕ್ಷಮಿಸಿದೆ. ನಾಲ್ಕು ದಿನ ಬಿಟ್ಟದ್ದಕ್ಕೆ ಮಾತ್ರ ಚೆನ್ನಾಗಿ ಬೈದರು. ಇದನ್ನು ಮೆಲ್ಲಗೆ ಇಳಿಸುತ್ತ ಬೇರೆ ಮಾತ್ರೆಗೆ ದಾಟಬೇಕು, ಎರಡು ಮೂರು ತಿಂಗಳು ಹಿಡಿಯಬಹುದು, ಎಲ್ಲ ಮರಳಿ ಬರುತ್ತದೆ ಎಂದು ಮಾತು ಕೊಡಲಾರೆ, ಆದರೆ ಬರುವವರೇ ಹೆಚ್ಚು ಎಂದು ಧೈರ್ಯ ಹೇಳಿದರು.

ನನ್ನ ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಇಷ್ಟೇ ಆಗಿದ್ದರೆ, ಮೂರು ತಿಂಗಳು ಸಹಿ ಮುಂದಕ್ಕೆ ಹಾಕೋಣ ಎಂದು ಎರಡು ಸಾಲು ಬರೆದು ನಿಲ್ಲಿಸುತ್ತಿದ್ದೆ.

ಶುಕ್ರವಾರ ಕೆಲಸ ಮುಗಿಸಿ ಹೊಸ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ಮಾತ್ರೆ ಕಟ್ಟಿಕೊಡುತ್ತ, ಮಾತಿಗೆ ಮಾತು ಬಂತು ಎನ್ನುವ ಹಾಗೆ, ‘ನಿಮ್ಮನೆಯವ್ರದ್ದು ನಾಲ್ಕೂವರೆ ತಿಂಗಳಿಂದ ಇಲ್ಲೇ ಇದೆ, ಯಾರೂ ಒಯ್ದಿಲ್ಲ. ವಾಪಸ್ ಒಳಗಿಡ್ಲಾ?’ ಎಂದಳು. ಅಂದರೆ ನೀನು ಮನೆ ಬಿಡುವ ಆರು ವಾರ ಮೊದಲೇ. ಬೇರೆ ಅಂಗಡಿಯಲ್ಲಿ ತೆಗೆದುಕೊಂಡಿರಬಹುದು ಎಂದೆ. ‘ಚೀಟಿ ನಮ್ಮತ್ರಾನೇ ಇದೆಯಲ್ಲಮ್ಮ’ ಎಂದಳು. ನನಗೆ ಮೊಣಕಾಲು ಬಿದ್ದುಹೋಯಿತು. ಪಕ್ಕದಲ್ಲಿ ತೂಕದ ಯಂತ್ರವಿತ್ತು, ಅದರ ಮೇಲೆಯೇ ಕೂತೆ. ಅವಳು ನೀರು ತಂದುಕೊಟ್ಟು, ರಕ್ತದೊತ್ತಡ ನೋಡಲೇ ಎಂದು ಕೇಳಿದಳು.

ಆ ಯಂತ್ರದ ಮೇಲೆ ಕೂತಿದ್ದಾಗ ಎಲ್ಲವೂ ಒಂದಾದ ಮೇಲೊಂದು ನೆನಪಾಯಿತು. ನಾಲ್ಕೂವರೆ ತಿಂಗಳ ಹಿಂದೆ, ಇದ್ದಕ್ಕಿದ್ದ ಹಾಗೆ ನೀನು ಬೇಗ ಮನೆಗೆ ಬರತೊಡಗಿದ್ದು. ಉಗುರಿನ ಗ್ರೀಸನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದದ್ದು. ಹೊಸ ಅಂಗಿ ತಂದು, ಚೆನ್ನಾಗಿದೆಯೇ ಎಂದು ಮೂರು ಸಲ ಕೇಳಿದ್ದು. ಹಾಸಿಗೆಯಲ್ಲಿ ನೀನು ಹಳೆಯ ನೀನಾಗಿದ್ದೆ. ತಡವಿಲ್ಲ, ತೊಂದರೆಯಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದೆ, ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ. ನಾನು ಕೈಗವಸಿನೊಳಗಿನ ಕೈಯಾಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ನಾನು ಗೋಡೆ ನೋಡುತ್ತ ‘ಆಯ್ತಾ?’ ಎಂದೆ. ಒಂದೇ ಮಾತು. ನೀನು ಎದ್ದು ಹೋಗಿ ಗ್ಯಾಸಿನ ಒಲೆ ಒರೆಸಿದೆ, ಅದು ಸ್ವಚ್ಛವಾಗಿಯೇ ಇತ್ತು. ಆಮೇಲೆ ನಿನ್ನ ನಿದ್ದೆ ಹೋಯಿತು, ಮಾತು ಹೋಯಿತು, ತಟ್ಟೆಯ ಸದ್ದಿಗೂ ಸಿಡುಕು ಬಂತು. ನಾನು ಅದನ್ನು ನಿನ್ನ ಕೋಪ ಎಂದು ಓದಿದೆ. ಅದು ನಿನ್ನ ಕಾಯಿಲೆ ವಾಪಸು ಬಂದದ್ದು.

ನೀನು ನನಗಾಗಿ ಮಾತ್ರೆ ಬಿಟ್ಟೆ. ನನ್ನ ತಣ್ಣನೆಯತನಕ್ಕೆ ನಿನ್ನ ಗಂಡಸುತನ ಕಾರಣ ಎಂದು ಯಾರನ್ನೂ ಕೇಳದೆ ತೀರ್ಪು ಕೊಟ್ಟುಕೊಂಡೆ. ನಾನು ಮಾತ್ರೆ ನುಂಗಿ ನುಂಗಿ, ನನ್ನ ಹೃದಯವೇ ಕೆಟ್ಟದ್ದು ಎಂದು ತೀರ್ಪು ಕೊಟ್ಟುಕೊಂಡೆ. ಒಂದೇ ಡಬ್ಬಿಯ ಮಾತ್ರೆ, ಒಂದೇ ಮನೆ, ಒಂದೇ ಹಾಸಿಗೆ. ನೀನು ಬಿಟ್ಟು ಹಾಳಾದೆ, ನಾನು ಬಿಡದೆ. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನಾಳೆಯ ಹನ್ನೊಂದು ಗಂಟೆ ಬರುತ್ತಿರಲಿಲ್ಲ. ನಿನಗೆ ಬೈಯಬೇಕು ಅನ್ನಿಸುತ್ತದೆ, ನಿನ್ನ ಕೂದಲು ಹಿಡಿದು ಜಗ್ಗಬೇಕು ಅನ್ನಿಸುತ್ತದೆ. ಇಷ್ಟು ಮಾಡಿ ನನಗೆ ಒಂದು ಮಾತು ಹೇಳಬಾರದಿತ್ತೇ?

ತೂಕದ ಯಂತ್ರದ ಮೇಲೆ ಕೂತಿದ್ದಾಗ ಇನ್ನೊಂದೂ ತಿಳಿಯಿತು, ಅದನ್ನು ಬರೆಯದಿದ್ದರೆ ಪತ್ರಕ್ಕೆ ಅರ್ಥವೇ ಇಲ್ಲ. ನೀನು ನಾಲ್ಕೂವರೆ ತಿಂಗಳಿಂದ ಔಷಧಿಯಿಲ್ಲದೆ, ಒಬ್ಬನೇ, ಆ ಕೋಣೆಯಲ್ಲಿದ್ದೀಯ ಎಂದು ಕೇಳಿದಾಗ ನನ್ನ ಕಾಲು ಯಾಕೆ ಬಿದ್ದುಹೋಯಿತು? ಪ್ರೀತಿ ಮುಗಿದವಳಿಗೆ ಹಾಗಾಗುವುದಿಲ್ಲ. ನಾನು ಚರ್ಮದಲ್ಲಿ ಹುಡುಕಿ ಸಿಗಲಿಲ್ಲ ಎಂದು ನಿನಗೆ ಹೇಳಿದ್ದೆ. ಅದು ಮೊಣಕಾಲಿನಲ್ಲಿತ್ತು ನೋಡು. ನಗಬೇಡ. ಮಾತ್ರೆಗೆ ಅಲ್ಲಿಯವರೆಗೆ ಕೈ ಎಟುಕಿರಲಿಲ್ಲ. ನನಗೆ ನೀನು ಬೇಕು. ಹೀಗೆ ಬಿಡಿಸಿ ಹೇಳಿ ಎಷ್ಟು ವರ್ಷವಾಯಿತೋ, ಬರೆದ ಮೇಲೆ ಕೈ ಬಿಸಿಯಾಗಿದೆ.

ನಿನ್ನೆ ನಿನ್ನ ಜೊತೆಗಾರನಿಗೆ ಫೋನು ಮಾಡಿದೆ. ನಿನ್ನೊಡನೆ ಎಂಟು ವರ್ಷ ಲಿಫ್ಟಿನ ಒಂದೇ ಗುಂಡಿಯಲ್ಲಿ ಹಗ್ಗ ಹಿಡಿದವನು, ನನಗೆ ಸುಳ್ಳು ಹೇಳಲು ಬಾರದವನು. ಹೇಗಿದ್ದಾನೆ ಎಂದು ಕೇಳಿದೆ. ಮೊದಲು ಮಾತು ಬೇರೆ ಕಡೆ ತಿರುಗಿಸಿ, ಆಮೇಲೆ ಹೇಳಿದ. ಅವನು ಹೇಳಿದ್ದನ್ನು ಇಲ್ಲಿ ಬರೆಯಲು ನನಗೆ ಧೈರ್ಯ ಸಾಲುತ್ತಿಲ್ಲ. ಈ ಮೇಜಿನ ಎದುರು ನಿನ್ನ ಖಾಲಿ ಕುರ್ಚಿ ಇದೆ, ಅದನ್ನು ನೋಡುತ್ತ ಅಂಥದ್ದನ್ನು ಬರೆಯಬಾರದು. ನಾನು ನಿನ್ನೆಯಿಂದ ಸರಿಯಾಗಿ ಕೂತಿಲ್ಲ, ನಿಂತಿಲ್ಲ ಎಂದಷ್ಟೇ ತಿಳಿದುಕೊ.

ಈಗ ನಾನು ಕೇಳುವುದು ಇಷ್ಟು. ನಾಳೆ ಹನ್ನೊಂದು ಗಂಟೆಗೆ ನಾನು ವಕೀಲೆಯ ಬಳಿ ಬರುವುದಿಲ್ಲ. ಅವರಿಗೆ ಹೇಳಿಯಾಗಿದೆ. ಅದೇ ಹನ್ನೊಂದು ಗಂಟೆಗೆ ಡಾಕ್ಟರ ಬಳಿ ಇಬ್ಬರ ಹೆಸರೂ ಬರೆಸಿದ್ದೇನೆ. ನಿನ್ನನ್ನು ಕೇಳದೆ ಬರೆಸಿದೆ, ತಪ್ಪಾದರೆ ತಪ್ಪು. ನೀನು ಹಳೆಯ ಮಾತ್ರೆಯನ್ನು ನೀನಾಗಿಯೇ ಮತ್ತೆ ಶುರುಮಾಡಬೇಡ, ಅವರು ನೋಡಿ ಹೇಳಲಿ. ಈ ಸಲ ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಛಾವಣಿ ನೋಡುವಂತಿಲ್ಲ. ಅವರು ನಿನ್ನನ್ನು ಕೇಳದಿದ್ದರೆ ನಾನು ಕೇಳುತ್ತೇನೆ, ನನ್ನನ್ನು ಕೇಳದಿದ್ದರೆ ನೀನು ಕೇಳಿಸು. ನಿನ್ನ ಮಾತ್ರೆಯಿಂದ ನಿನಗೆ ತಡವಾದರೆ ನನಗೇನೂ ಅವಸರವಿಲ್ಲ. ನನ್ನ ಅನುಭವ ವಾಪಸು ಬರದಿದ್ದರೆ, ಬರಲಿಲ್ಲ ಎಂದು ನಿನಗೆ ಹೇಳುತ್ತೇನೆ, ನಟಿಸುವುದಿಲ್ಲ. ಅಷ್ಟು ಮಾತು ಕೊಡಬಲ್ಲೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಮತ್ತೆ ಸುಳ್ಳಾಗುತ್ತದೆ.

ಮೂರು ತಿಂಗಳಾದ ಮೇಲೂ ನೀನು ಹೋಗಬೇಕು ಅಂದರೆ ನಾನೇ ಪೆನ್ನಿನ ಮುಚ್ಚಳ ತೆಗೆದುಕೊಡುತ್ತೇನೆ. ಆದರೆ ಆಗ ಹೋಗುವವನು ನೀನಾಗಿರಬೇಕು, ನಿನ್ನ ಕಾಯಿಲೆಯಲ್ಲ. ಕಳಿಸುವವಳು ನಾನಾಗಿರಬೇಕು, ನನ್ನ ಮಾತ್ರೆಯಲ್ಲ.

ಅಲಾರಂ ಗಡಿಯಾರ ಬಿಟ್ಟು ಹೋಗಿದ್ದೀಯ. ದಿನಾ ಬೆಳಿಗ್ಗೆ ಐದೂವರೆಗೆ ನಿನ್ನ ಪಾಳಿಗೆ ಹೊಡೆಯುತ್ತದೆ. ನಿಲ್ಲಿಸಲು ಗೊತ್ತಿದ್ದೂ ನಾನು ನಿಲ್ಲಿಸಿಲ್ಲ.

ಇಂತಿ,
ನಿನ್ನ ಭೂತಗನ್ನಡಿ

ಇನ್ನೊಂದು ಮಾತು. ಇದನ್ನು ಪೆನ್ಸಿಲಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊ. ನೀನು ಮೊದಲು ಓದುತ್ತಿರುವುದು ಇದನ್ನೇ ಎಂದು ನನಗೆ ಗೊತ್ತು, ಅದಕ್ಕೇ ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆದೆ. ನಿನ್ನ ಜೊತೆಗಾರ ಬುಧವಾರದ್ದನ್ನು ಹೇಳಿದ. ಹನ್ನೆರಡನೆಯ ಮಹಡಿಯಲ್ಲಿ, ಲಿಫ್ಟಿನ ನೆತ್ತಿಯ ಮೇಲೆ, ಸುರಕ್ಷತೆಯ ಬೆಲ್ಟಿನ ಕೊಂಡಿ ಹಾಕದೆ ಕೆಳಗೆ ನೋಡುತ್ತ ನಿಂತಿದ್ದೆಯಂತೆ. ಅವನು ಮೂರು ಸಲ ಕೂಗಿದ ಮೇಲೆ ಕೊಂಡಿ ಹಾಕಿ, ‘ಮರೆತೆ’ ಎಂದೆಯಂತೆ. ಇಪ್ಪತ್ತು ವರ್ಷದಲ್ಲಿ ನೀನು ಮರೆತವನಲ್ಲ. ಮಧ್ಯಾಹ್ನದವರೆಗೆ ಅವನ ದಾರಿ ಕಾಯಲು ನನ್ನಿಂದಾಗಲಿಲ್ಲ. ಬಾಗಿಲ ಕೆಳಗಿನಿಂದ ಈ ಪತ್ರ ತಳ್ಳಿದವಳು ನಾನೇ. ಊರಿಗೆಲ್ಲ ಲಿಫ್ಟು ರಿಪೇರಿ ಮಾಡುವವನ ಕೋಣೆಗೆ ಲಿಫ್ಟಿಲ್ಲ, ನಾಲ್ಕು ಮಹಡಿ ಹತ್ತಿ, ನಿನ್ನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಒಳಗೆ ನೀನು ಓಡಾಡುವ ಸದ್ದು ಕೇಳಿಸುತ್ತಿದೆ. ಮೇಲಿನದನ್ನೆಲ್ಲ ಆಮೇಲೆ ಓದುವಿಯಂತೆ. ಮೊದಲು ಬಾಗಿಲು ತೆಗೆ.